ಕಾಫಿಗಾಗಿ ಗಾಂಧಿ ಬಜಾರಿನವರೆಗೆ ಹೋಗುವ ಅಪ್ಪನನ್ನು ತಡೆಯಬೇಕೇ?

ಪ್ರಶ್ನೆ: ನನ್ನ ತಂದೆಗೆ 74 ವರ್ಷ. ಕೆಲಸ, ಮದುವೆ, ಮಕ್ಕಳು ಎಲ್ಲ ಆಗಿದ್ದು ಬಸವನಗುಡಿಯಲ್ಲೇ. ಎರಡು ವರ್ಷದ ಹಿಂದೆ ಅಪ್ಪ ಅಮ್ಮ ಇಬ್ಬರನ್ನೂ ವೈಟ್‌ಫೀಲ್ಡಿನ ನಮ್ಮ ಫ್ಲ್ಯಾಟಿಗೆ ಕರೆತಂದೆವು. ಇಲ್ಲಿ ವಾಕಿಂಗ್ ಟ್ರ್ಯಾಕ್ ಇದೆ, ಹಿರಿಯರ ಕ್ಲಬ್ಬೂ ಇದೆ, ಮನೆಯಲ್ಲಿ ಒಳ್ಳೆಯ ಫಿಲ್ಟರ್ ಕಾಫಿಯನ್ನೇ ಮಾಡುತ್ತೇವೆ. ಆದರೂ ಅಪ್ಪ ಪ್ರತಿ ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಎದ್ದವರೇ ಮೆಟ್ರೋ ಹತ್ತಿ ಗಾಂಧಿ ಬಜಾರಿಗೆ ಹೊರಡುತ್ತಾರೆ. ಹಳೆಯ ಗೆಳೆಯರು ನಾಲ್ಕೈದು ಜನ ಅಲ್ಲಿ ಸೇರಿ ಎರಡು ಗಂಟೆ ಹರಟೆ ಹೊಡೆಯುತ್ತಾರೆ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಹೋದ ತಿಂಗಳು ಅಲ್ಲಿ ನಡೆಯುವಾಗ ತಲೆ ಸುತ್ತಿ ಫುಟ್‌ಪಾತಿನಲ್ಲೇ ಕುಳಿತುಬಿಟ್ಟರಂತೆ. ಗೆಳೆಯರು ಬಂದು ಆಟೋದಲ್ಲಿ ಕೂರಿಸಿಕೊಂಡು ಹೋದರು. "ಒಂದು ಲೋಟ ಕಾಫಿಗೆ ಇಷ್ಟು ದೂರ ಯಾಕೆ?" ಎಂದರೆ ಸಿಟ್ಟು ಬರುತ್ತದೆ. ಅಮ್ಮನಿಗೆ 69, ಅವರು ಎಲ್ಲಿಗೂ ಹೋಗುವುದಿಲ್ಲ, ಏನೂ ತೊಂದರೆ ಕೊಡುವುದಿಲ್ಲ. ಅಪ್ಪನನ್ನು ನಿಲ್ಲಿಸಿ ಇಲ್ಲೇ ಗೆಳೆಯರನ್ನು ಮಾಡಿಕೊಳ್ಳಲು ಹೇಳುವುದು ತಪ್ಪೇ? ಈ ವಯಸ್ಸಿನಲ್ಲಿ ಕಾಫಿ ಎಷ್ಟು ಕುಡಿಯಬಹುದು?

ಉತ್ತರ: ತಡೆಯಬೇಡಿ. ತಲೆಸುತ್ತಿಗೆ ಕಾರಣ ಹುಡುಕಬೇಕು, ಅದು ಈ ವಾರವೇ ಆಗಬೇಕು. ಹೋಗಿಬರುವ ದಾರಿಯನ್ನು ಇನ್ನಷ್ಟು ಸುಲಭ ಮಾಡಬೇಕು. ಆದರೆ ಮಂಗಳವಾರ ಗುರುವಾರಗಳನ್ನು ಅವರಿಂದ ಕಿತ್ತುಕೊಳ್ಳಬೇಡಿ. ಹಿರಿಯರ ಮಾನಸಿಕ ಆರೋಗ್ಯ ನೋಡಿಕೊಳ್ಳುವ ನನ್ನ ವೃತ್ತಿಯಲ್ಲಿ ಪದೇ ಪದೇ ಕಂಡ ಸಂಗತಿ ಇದು: ಇಂಥ ದಿನ, ಇಷ್ಟು ಹೊತ್ತಿಗೆ, ಇಂಥವರು ತನಗಾಗಿ ಕಾಯುತ್ತಿರುತ್ತಾರೆ ಎನ್ನುವುದು ನಿವೃತ್ತರ ವಾರದಲ್ಲಿ ಒಂದಾದರೂ ಇದ್ದರೆ ಉಳಿದ ದಿನಗಳೂ ಹದವಾಗಿ ನಡೆಯುತ್ತವೆ. ಅದು ತಪ್ಪಿದ ಮೇಲೆ ಸ್ನಾನದ ಹೊತ್ತು, ಊಟದ ಹೊತ್ತು, ಮಾತ್ರೆ, ನಿದ್ದೆ ಒಂದೊಂದಾಗಿ ಸಡಿಲವಾಗುತ್ತ ಹೋಗುತ್ತವೆ. ಮನೆಯವರಿಗೆ ಅದು ಗೊತ್ತಾಗುವಷ್ಟರಲ್ಲಿ ಆರೇಳು ತಿಂಗಳು ಕಳೆದಿರುತ್ತದೆ.

ಮೊದಲು ತಲೆಸುತ್ತಿನ ವಿಚಾರ. ನೀವು ಬರೆದಿರುವುದನ್ನು ನೋಡಿದರೆ ನನಗೆ ಮೊದಲು ಹೊಳೆಯುವ ಪ್ರಶ್ನೆ: ಆ ದಿನ ಅವರು ಮನೆಯಲ್ಲಿ ಏನಾದರೂ ತಿಂದು ಹೊರಟಿದ್ದರೇ? ಗೆಳೆಯರ ಜೊತೆ ಹೋಟೆಲಿನಲ್ಲಿ ಇಡ್ಲಿ ತಿನ್ನುವುದಿದೆ ಎಂದು ಮನೆಯಲ್ಲಿ ತಿಂಡಿ ಬಿಡುವುದು, ಸಕ್ಕರೆ ಮಾತ್ರೆಯನ್ನು ಮಾತ್ರ ವೇಳೆಗೆ ಸರಿಯಾಗಿ ನುಂಗಿಬಿಡುವುದು ಬಹಳ ಜನರ ರೂಢಿ. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಮಾಡಿದರೆ ಒಂದೆರಡು ಗಂಟೆಯೊಳಗೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ಕೈ ನಡುಕ, ಕಣ್ಣು ಕತ್ತಲೆ, ಕುಸಿದು ಕೂರುವುದು. ವೈಟ್‌ಫೀಲ್ಡಿನಿಂದ ಹೊರಟು ಗಾಂಧಿ ಬಜಾರು ಮುಟ್ಟುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ, ಗಮನಿಸಿ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದರೆ ಈ ಅಪಾಯ ತೀರ ಕಡಿಮೆ. ಮಾತ್ರೆಯ ಚೀಟಿ ತೆಗೆದು ನೋಡಿ, ವೈದ್ಯರ ಹತ್ತಿರ "ಹೊರಗೆ ಹೋಗುವ ದಿನ ಯಾವ ಮಾತ್ರೆ ಯಾವಾಗ?" ಎಂದು ಬಿಡಿಸಿ ಕೇಳಿ. ಅಲ್ಲಿಯವರೆಗೆ ಹೊರಡುವ ಮುಂಚೆ ಮನೆಯಲ್ಲೇ ಸ್ವಲ್ಪ ತಿನ್ನಲಿ. ಜೇಬಿನಲ್ಲಿ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಇರಲಿ. ಹಾಗೆ ಸಕ್ಕರೆ ಇಳಿದಾಗ ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು ಕಾಲು ಗಂಟೆ ಕೂರಬೇಕು ಎನ್ನುವುದು ಅವರ ಗೆಳೆಯರಿಗೂ ತಿಳಿದಿರಲಿ.

ಎರಡನೆಯ ಅನುಮಾನ, ಎದ್ದು ನಿಂತಾಗ ಬಿ.ಪಿ. ಕುಸಿಯುವುದು. ಮೆಟ್ರೋದಲ್ಲಿ ಮುಕ್ಕಾಲು ಗಂಟೆ ಕುಳಿತು ಎದ್ದು ಮೆಟ್ಟಿಲು ಹತ್ತಿ ಬಿಸಿಲಿಗೆ ಬರುವವರಿಗೆ ಇದು ಸುಲಭವಾಗಿ ಆಗುತ್ತದೆ. ಬಿ.ಪಿ. ಮಾತ್ರೆಯ ಪ್ರಮಾಣ ಹೆಚ್ಚಾಗಿದ್ದರೂ ಆಗಬಹುದು, ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್‌ನಿಂದಲೂ ಆಗಬಹುದು. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ಬಿ.ಪಿ. ನೋಡಿಸಿ. ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ಕಾರಣ ಸಿಕ್ಕಂತೆ. ಇದಕ್ಕೆ ದುಬಾರಿ ಸ್ಕ್ಯಾನ್ ಬೇಕಿಲ್ಲ. ಆದರೆ ಅವರು ಪ್ರಜ್ಞೆ ತಪ್ಪಿದ್ದರೆ, ಎದೆ ಹೊಡೆದುಕೊಂಡಿದ್ದರೆ, ಮಾತು ತೊದಲಿದ್ದರೆ, ಬಾಯಿ ಸೊಟ್ಟಗಾಗಿದ್ದರೆ ಕಥೆ ಬೇರೆ. ತಡಮಾಡದೆ ಹೃದಯ ಮತ್ತು ನರಗಳ ತಪಾಸಣೆ ಆಗಬೇಕು. ಇನ್ನು ಮುಂದೆ ಎಲ್ಲೇ ಹಾಗಾದರೂ 108ಕ್ಕೆ ಕರೆ ಮಾಡಿ ಎಂದು ಎಲ್ಲರಿಗೂ ಹೇಳಿಡಿ.

ನೀವು ಆ ಘಟನೆಯನ್ನು ಹೋಗಬಾರದು ಎನ್ನುವುದಕ್ಕೆ ಆಧಾರ ಮಾಡಿಕೊಂಡಿದ್ದೀರಿ. ನನಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ತಂದೆ ಕುಸಿದು ಕೂತಿದ್ದು ತಿಳಿದು ಎದ್ದು ಬಂದವರು ಯಾರು? ಅವರಿಗಾಗಿ ಕಾಯುತ್ತಿದ್ದವರು. ಅಪಾರ್ಟ್‌ಮೆಂಟಿನ ವಾಕಿಂಗ್ ಟ್ರ್ಯಾಕಿನಲ್ಲಿ ಒಬ್ಬರೇ ನಡೆಯುತ್ತಿದ್ದಾಗ ಹಾಗಾಗಿದ್ದರೆ ಕೈಹಿಡಿದು ಎಬ್ಬಿಸುವವರು ಯಾರಾದರೂ ಸಿಗುತ್ತಿದ್ದರು, ಸರಿ. ಆದರೆ ಅವರ ಹೆಸರು, ಅವರ ಕಾಯಿಲೆ, ಮಗನ ಫೋನ್ ನಂಬರು ಗೊತ್ತಿರುವವರು ಸಿಗುತ್ತಿದ್ದರೇ?

ಒಂದು ಸಲ ರಜೆ ಹಾಕಿ ಅವರ ಜೊತೆ ಹೋಗಿ. ಪಕ್ಕದ ಮೇಜಿನಲ್ಲಿ ಕೂತು ನೋಡಿ. ಇಂಥ ಮೇಜುಗಳನ್ನು ನಾನು ಬಹಳ ನೋಡಿದ್ದೇನೆ, ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಐದು ಜನಕ್ಕೆ ಮೂರು ಬೈ ಟೂ ಹೇಳುತ್ತಾರೆ, ಮಿಕ್ಕ ಒಂದು ಲೋಟ ತಡವಾಗಿ ಬರುವವನಿಗೆ. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಡಿಕಾಕ್ಷನ್ ಜಾಸ್ತಿ ಬೇಕು ಎಂದು ಸಪ್ಲೈಯರ್‌ಗೇ ಗೊತ್ತು. ಒಬ್ಬರು ಪತ್ರಿಕೆಯ ಶ್ರದ್ಧಾಂಜಲಿ ಪುಟ ತೆಗೆದು ಗುರುತಿನವರು ಇದ್ದಾರೆಯೇ ಎಂದು ನೋಡುತ್ತಾರೆ. ಇನ್ನೊಬ್ಬರು ಹಿಂದಿನ ದಿನದ ಲ್ಯಾಬ್ ರಿಪೋರ್ಟ್ ಹೊರತೆಗೆಯುತ್ತಾರೆ. ಫಾಸ್ಟಿಂಗ್ ಎಷ್ಟು, ಊಟದ ಮೇಲೆ ಎಷ್ಟು, ಕ್ರಿಯಾಟಿನಿನ್ ಎಷ್ಟು, ಎಲ್ಲ ಬಹಿರಂಗ. "ನೀನು ಮದುವೆ ಮನೇಲಿ ಹೋಳಿಗೆ ಮೂರು ತಿಂದೆಯಲ್ಲ, ಅದನ್ನು ಡಾಕ್ಟರಿಗೆ ಹೇಳಿದೆಯೋ ಇಲ್ಲವೋ?" ಎಂದು ಜಬರಿಸುವವನೂ ಅಲ್ಲೇ ಇರುತ್ತಾನೆ. ಈ ಪ್ರಶ್ನೆಯನ್ನು ನೀವು ಕೇಳಿದ್ದರೆ ಮನೆಯಲ್ಲಿ ಎರಡು ದಿನ ಮಾತು ನಿಲ್ಲುತ್ತಿತ್ತು. ಅವನು ಕೇಳಿದರೆ ಅಪ್ಪ ನಗುತ್ತಾರೆ, ಮುಂದಿನ ಸಲ ಎರಡೇ ಹೋಳಿಗೆ ತಿನ್ನುತ್ತಾರೆ.

ನಿಮ್ಮ ಮನೆಯಲ್ಲಿ ಅವರು ಅಪ್ಪ, ಮಾವ, ತಾತ. ಎಲ್ಲ ಗೌರವದ ಪಾತ್ರಗಳೇ, ಪ್ರೀತಿಯವೇ. ಆದರೆ ಆ ಪಾತ್ರಗಳಲ್ಲಿ ಅವರು ಬಹುತೇಕ ಆರೈಕೆ ಪಡೆಯುವವರು. ಗಾಂಧಿ ಬಜಾರಿನಲ್ಲಿ ಅವರನ್ನು ಏಕವಚನದಲ್ಲಿ ಬೈಯುವವರಿದ್ದಾರೆ, ಅವರಿಂದ ಸಾಲ ಪಡೆದವರಿದ್ದಾರೆ, ಅವರು ಆಫೀಸಿನಲ್ಲಿ ಯಾರಿಗೆ ಎದುರು ನಿಂತು ವರ್ಗಾವಣೆ ಆದರು ಎಂಬುದನ್ನು ಕಣ್ಣಾರೆ ಕಂಡವರಿದ್ದಾರೆ. ಅಲ್ಲಿ ಅವರ ಅಭಿಪ್ರಾಯಕ್ಕೆ ಬೆಲೆಯಿದೆ, ಅವರ ತಪ್ಪಿಗೆ ತಿದ್ದುಪಡಿಯೂ ಇದೆ. ಮನುಷ್ಯ ತನ್ನ ಇಡೀ ಬಾಳಿನ ಜೊತೆಗೆ ಹಾಜರಿರಲು ಸಾಧ್ಯವಾಗುವುದು ಆ ಬಾಳನ್ನು ನೋಡಿದವರ ಮುಂದೆ ಮಾತ್ರ. ಮಕ್ಕಳು ಎಷ್ಟೇ ಒಳ್ಳೆಯವರಾದರೂ ಅಪ್ಪನ ಇಪ್ಪತ್ತೈದನೇ ವಯಸ್ಸನ್ನು ನೋಡಿರುವುದಿಲ್ಲ.

ಮಿದುಳಿಗೂ ಇದು ಗಟ್ಟಿ ಕೆಲಸ. ಐದು ಜನ ಒಟ್ಟಿಗೆ ಮಾತಾಡುವಾಗ ಒಬ್ಬರ ಮಾತು ಕೇಳಿಸಿಕೊಳ್ಳಬೇಕು, ತನ್ನ ಮಾತನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು, ಸಂದು ಸಿಕ್ಕಾಗ ನುಗ್ಗಬೇಕು, ಮರೆತ ಹೆಸರನ್ನು ಹುಡುಕಿ ತೆಗೆಯಬೇಕು, "ಅದು ಎಪ್ಪತ್ತೆಂಟರಲ್ಲಲ್ಲ ಕಣೋ, ತುರ್ತುಪರಿಸ್ಥಿತಿ ಇದ್ದಾಗ" ಎಂದು ತಿದ್ದಿದರೆ ಒಪ್ಪಬೇಕು ಇಲ್ಲವೇ ವಾದಿಸಬೇಕು. ಫೋನಿನಲ್ಲಿ ಸುಡೊಕು ತುಂಬಿಸುವುದಕ್ಕಿಂತ ಇದು ಹೆಚ್ಚಿನ ವ್ಯಾಯಾಮ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದಲ್ಲಿ ಹಿರೋಕೊ ಡಾಡ್ಜ್ ಅವರ ತಂಡ, 75 ದಾಟಿದ, ಜನಸಂಪರ್ಕ ಕಡಿಮೆಯಿದ್ದ 186 ಮಂದಿಯ ಮೇಲೆ ಒಂದು ಪ್ರಯೋಗ ಮಾಡಿತು. ಅವರಲ್ಲಿ ಒಂದು ಗುಂಪಿಗೆ ವಾರಕ್ಕೆ ನಾಲ್ಕು ಸಲ ಅರ್ಧರ್ಧ ಗಂಟೆ ವಿಡಿಯೊ ಕರೆಯಲ್ಲಿ ಮಾತುಕತೆ, ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಚಿಕ್ಕ ಫೋನ್ ವಿಚಾರಣೆ ಮಾತ್ರ. ಆರು ತಿಂಗಳ ಕೊನೆಗೆ ಮಾತುಕತೆಯ ಗುಂಪಿನವರು ನೆನಪು ಮತ್ತು ಯೋಚನೆಯ ಪರೀಕ್ಷೆಯಲ್ಲಿ ಮುಂದಿದ್ದರು. ಔಷಧವಿಲ್ಲ, ಯಂತ್ರವಿಲ್ಲ, ಗೊತ್ತಾದ ಹೊತ್ತಿಗೆ ತಪ್ಪದ ಮಾತು ಅಷ್ಟೇ.

ದೊಡ್ಡ ಅಂಕಿಗಳೂ ಇವೆ. ಜೂಲಿಯನ್ ಹೋಲ್ಟ್ ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳ, 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕಲೆಹಾಕಿ 2010ರಲ್ಲಿ ಪ್ರಕಟಿಸಿದರು. ಒಡನಾಟ ಗಟ್ಟಿಯಾಗಿದ್ದವರು ಬದುಕುಳಿಯುವ ಸಾಧ್ಯತೆ ಇತರರಿಗಿಂತ ಶೇ. 50ರಷ್ಟು ಹೆಚ್ಚಿತ್ತು. ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕ ಸರ್ಕಾರದ ಪ್ರಮುಖ ಆರೋಗ್ಯಾಧಿಕಾರಿ, ಅಂದರೆ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ ಒಂಟಿತನದ ಬಗ್ಗೆಯೇ ಒಂದು ಸಾರ್ವಜನಿಕ ಎಚ್ಚರಿಕೆ ಹೊರಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಪಂಚದಲ್ಲಿ ಆರರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎನ್ನುತ್ತದೆ. ಒಂದು ಮಾತು ಸೇರಿಸಲೇಬೇಕು: ಆರೋಗ್ಯ ಕೆಟ್ಟವರು ಹೊರಗೆ ಹೋಗುವುದೂ ಕಡಿಮೆ, ಹಾಗಾಗಿ ಇಂಥ ಲೆಕ್ಕಗಳಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಪೂರ್ತಿ ಬಿಡಿಸುವುದು ಕಷ್ಟ. ಆದರೂ ಇಷ್ಟು ದೇಶಗಳಲ್ಲಿ, ಇಷ್ಟು ವರ್ಷ ಒಂದೇ ದಿಕ್ಕಿಗೆ ಬೆರಳು ತೋರಿಸುವ ಪುರಾವೆಯನ್ನು ನಾನು ಪಕ್ಕಕ್ಕಿಡಲಾರೆ.

"ಇಲ್ಲೇ ಗೆಳೆಯರನ್ನು ಮಾಡಿಕೊಳ್ಳಲಿ" ಎನ್ನುತ್ತೀರಿ. ಮಾಡಿಕೊಳ್ಳಲಿ, ಖಂಡಿತ. ಆದರೆ ಅದು ಎಷ್ಟು ಹೊತ್ತಿನ ಕೆಲಸ ಗೊತ್ತೇ? ಜೆಫ್ರಿ ಹಾಲ್ ಎನ್ನುವ ಸಂಶೋಧಕರು ಊರು ಬದಲಿಸಿದ ಅಮೆರಿಕದ ವಯಸ್ಕರನ್ನೂ ಹೊಸದಾಗಿ ಕಾಲೇಜು ಸೇರಿದ ಹುಡುಗರನ್ನೂ ಕೇಳಿ ಒಂದು ಅಂದಾಜು ಮಾಡಿದರು. ಪರಿಚಯದವರು ಹತ್ತಿರದ ಗೆಳೆಯರಾಗಲು 200 ಗಂಟೆಗೂ ಹೆಚ್ಚು ಒಟ್ಟಿಗೆ ಕಳೆಯಬೇಕಂತೆ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆಯ ಲೆಕ್ಕದಲ್ಲಿ ಅದು ಪೂರ್ತಿ ಒಂದು ವರ್ಷ. ಅಷ್ಟಾದರೂ ಸಿಗುವುದು ಹೊಸ ಗೆಳೆಯ. ನಲವತ್ತು ವರ್ಷದ ಗೆಳೆಯನನ್ನು ಪಡೆಯಲು ನಲವತ್ತು ವರ್ಷವೇ ಬೇಕು. ವಯಸ್ಸಾದ ಹಾಗೆ ಜನ ತಮ್ಮ ಬಳಗವನ್ನು ತಾವಾಗಿ ಚಿಕ್ಕದು ಮಾಡಿಕೊಂಡು ಮನಸ್ಸಿಗೆ ಹತ್ತಿರದವರ ಜೊತೆಗೇ ಹೊತ್ತು ಕಳೆಯಲು ಬಯಸುತ್ತಾರೆ ಎಂದು ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್‌ಟೆನ್ಸನ್ ದಶಕಗಳಿಂದ ತೋರಿಸುತ್ತ ಬಂದಿದ್ದಾರೆ. ನಿಮ್ಮ ತಂದೆಯದು ಹಠವಲ್ಲ, ಅವರ ವಯಸ್ಸಿಗೆ ಸಹಜವಾದ ಆಯ್ಕೆ. ಅಪಾರ್ಟ್‌ಮೆಂಟಿನ ಕ್ಲಬ್ಬು ಇದರ ಜೊತೆಗೆ ಇರಲಿ, ಇದರ ಬದಲಿಗೆ ಬೇಡ. ಲಿಫ್ಟಿನಲ್ಲಿ ಸಿಕ್ಕವರ ಜೊತೆ ಎರಡು ಮಾತು, ಸೆಕ್ಯುರಿಟಿಯವರ ಊರಿನ ಮಳೆಬೆಳೆ ವಿಚಾರಿಸುವುದು, ಇಂಥ ಸಣ್ಣ ಪರಿಚಯಗಳೂ ದಿನವನ್ನು ಹಗುರ ಮಾಡುತ್ತವೆ.

ದೂರದ ಬಗ್ಗೆ ನಿಮಗಿರುವಷ್ಟು ಭಯ ನನಗಿಲ್ಲ. ಹಿಂದೆ 335ಇ ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ಬಂದು ಇನ್ನೊಂದು ಬಸ್ಸು ಹಿಡಿಯಬೇಕಿದ್ದ ಕಾಲದಲ್ಲಿ ಕೇಳಿದ್ದರೆ ನಾನೂ ಯೋಚಿಸುತ್ತಿದ್ದೆ. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡಿನ ನೇರಳೆ ಮಾರ್ಗ ಮೆಜೆಸ್ಟಿಕ್‌ಗೆ ಎಡೆಬಿಡದೆ ಸೇರಿದೆ. ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ಮೂರನೆಯದೇ ಗಾಂಧಿ ಬಜಾರಿಗೆ ಇಳಿಯಬೇಕಾದ ನ್ಯಾಷನಲ್ ಕಾಲೇಜು ಸ್ಟೇಷನ್. ನೆರಳು, ಹಿರಿಯರಿಗೆ ಮೀಸಲು ಸೀಟು, ಲಿಫ್ಟು. ತೊಂದರೆ ಇರುವುದು ಮೆಜೆಸ್ಟಿಕ್‌ನ ನೂಕುನುಗ್ಗಲಲ್ಲಿ. ಆಫೀಸಿನ ಹೊತ್ತಿನಲ್ಲಿ ಅಲ್ಲಿ ಎಸ್ಕಲೇಟರಿನ ಬಾಯಲ್ಲಿ ಒಬ್ಬರು ತಡೆದರೆ ಹಿಂದಿನವರೆಲ್ಲ ಮೈಮೇಲೆ ಬರುತ್ತಾರೆ. ಆದ್ದರಿಂದ ಭೇಟಿಯನ್ನು ಹನ್ನೊಂದಕ್ಕೆ ಇಟ್ಟುಕೊಳ್ಳಲು ಗುಂಪಿಗೆ ಹೇಳಿಸಿ. ಬೆಳಗಿನ ನೂಕಾಟ ಇಳಿದ ಮೇಲೆ ಹೊರಟು, ಸಂಜೆಯ ನೂಕಾಟ ಶುರುವಾಗುವ ಮೊದಲು ಮನೆ ಸೇರಬಹುದು. ಸ್ಟೇಷನ್ನಿನಿಂದ ಹೋಟೆಲಿಗೆ ಬಿಸಿಲಲ್ಲಿ ನಡೆಯುವ ಬದಲು ಆಟೋ ಹಿಡಿಯಲಿ. ಆ ದುಡ್ಡನ್ನು ನೀವು ಕೊಡಿ, ಲೆಕ್ಕ ಕೇಳಬೇಡಿ.

ಹನ್ನೊಂದು ಎಂದಿದ್ದಕ್ಕೆ ಇನ್ನೊಂದು ಕಾರಣವಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ, 1943ರಿಂದ ನಡೆಯುತ್ತಿರುವ ಹೋಟೆಲ್ಲು, ತಿಂಡಿಯ ಹೊತ್ತಿನಲ್ಲಿ ಹೋದರೆ ಹೊರಗೆ ಜನ ಕಾಯುತ್ತಿರುತ್ತಾರೆ, ತಿಂದವರು ಎದ್ದುಕೊಡಲೇಬೇಕು. ಅಲ್ಲಿ ದೋಸೆ ತಿನ್ನಬಹುದು, ಹರಟೆ ಆಗದು. 1980ರ ದಶಕದಲ್ಲಿ ಜಯನಗರದಿಂದ ಶುರುವಾಗಿ ಊರೆಲ್ಲ ಹಬ್ಬಿದ ದರ್ಶಿನಿಗಳು ಕಡಿಮೆ ದುಡ್ಡಿಗೆ ಒಳ್ಳೆಯ ಕಾಫಿ ಕೊಟ್ಟವು. ಆದರೆ ನಿಂತು ಕುಡಿಯುವ ಮೇಜು ಮಂಡಿ ನೋವಿನವರಿಗೆ ಹೇಳಿದ್ದಲ್ಲ. ಹಿರಿಯರ ಗುಂಪಿಗೆ ಬೇಕಾದ್ದು ಬೆನ್ನಿಗೆ ಆನಿಸಿಕೊಳ್ಳಲು ಕುರ್ಚಿ, ಮೆಟ್ಟಿಲಿಲ್ಲದ ಬಾಗಿಲು, ಪಾತ್ರೆ ತೊಳೆಯುವ ಸದ್ದಿನಿಂದ ದೂರವಾದ ಒಂದು ಮೂಲೆ. ಎಲ್ಲಕ್ಕಿಂತ ಮೊದಲು ಸ್ವಚ್ಛವಾದ ಶೌಚಾಲಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಗಂಡಸರು ಎಪ್ಪತ್ತರ ಮೇಲೆ ಹೊರಗೆ ಹೋಗುವುದನ್ನು ಬಿಡಲು ದೊಡ್ಡ ಕಾರಣವೇ ಇದು. ಕೆಲವರು ಹೊರಡುವ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ಬಿ.ಪಿ.ಗೆ ಅಥವಾ ಹೃದಯಕ್ಕೆ ಕೊಟ್ಟ, ಮೂತ್ರ ಹೆಚ್ಚು ಮಾಡುವ ನೀರಿನ ಮಾತ್ರೆಯನ್ನು ಆ ದಿನ ಗುಟ್ಟಾಗಿ ನುಂಗದೆ ಇಟ್ಟುಬಿಡುತ್ತಾರೆ. ಎರಡೂ ಅಪಾಯ. ಆ ಮಾತ್ರೆಯನ್ನು ಮನೆಗೆ ಬಂದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿದರೆ ಸಾಮಾನ್ಯವಾಗಿ ಒಂದು ದಾರಿ ಸಿಗುತ್ತದೆ. ಅಪ್ಪನನ್ನು ನೀವೇ ಕೇಳಿ, ಸಂಕೋಚಪಟ್ಟರೆ ವೈದ್ಯರಿಂದ ಕೇಳಿಸಿ.

ಜಾಗದ ಬಗ್ಗೆ ಅತಿಯಾದ ಮೋಹವೂ ಬೇಕಿಲ್ಲ. 2009ರಲ್ಲಿ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಬಾಗಿಲು ಹಾಕಿ ಚರ್ಚ್ ಸ್ಟ್ರೀಟಿಗೆ ಹೋದಾಗ ಊರಿನ ಎಷ್ಟೋ ಹಳಬರು ತಮ್ಮದೇ ಮನೆ ಹೋದಂತೆ ನೊಂದರು, ಆಮೇಲೆ ಚರ್ಚ್ ಸ್ಟ್ರೀಟಿನಲ್ಲಿ ಹೋಗಿ ಕೂತರು. ಗುಂಪು ಕೂಡಿದ್ದರೆ ಜಾಗ ಬದಲಾದರೂ ನಡೆಯುತ್ತದೆ. ದಿನ ಮತ್ತು ಹೊತ್ತು ಮಾತ್ರ ಬದಲಾಗಬಾರದು. "ಯಾವಾಗಲಾದರೂ ಸಿಗೋಣ" ಎನ್ನುವ ಗೆಳೆಯರು ಸಿಗುವುದೇ ಇಲ್ಲ. ಪ್ರತಿ ಸಲ ಫೋನ್ ಮಾಡಿ ದಿನ ಗೊತ್ತುಮಾಡಬೇಕಾದರೆ, ಮನಸ್ಸು ಕುಗ್ಗಿದವನೇ ಮೊದಲು ತಪ್ಪಿಸಿಕೊಳ್ಳುತ್ತಾನೆ. ಅವನಿಗೇ ಅದರ ಅಗತ್ಯ ಹೆಚ್ಚು. ದಿನ ಖಾಯಂ ಆಗಿದ್ದರೆ ಬರದವನ ಕುರ್ಚಿ ಎಲ್ಲರಿಗೂ ಕಾಣುತ್ತದೆ, ಯಾರಾದರೂ ಫೋನ್ ಮಾಡುತ್ತಾರೆ.

ಕಾಫಿಗೆ ಬರೋಣ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ಹಾನಿಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ನಮ್ಮ ಹೋಟೆಲಿನ ಚಿಕ್ಕ ಲೋಟದಲ್ಲಿ ಹಾಲು ಹೆಚ್ಚು, ಪುಡಿಯಲ್ಲಿ ಚಿಕೋರಿ ಬೆರೆತಿರುತ್ತದೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ದಿನಕ್ಕೆ ಎರಡು ಮೂರು ಲೋಟಕ್ಕೆ ನಾನು ಬೇಡ ಎನ್ನುವುದಿಲ್ಲ. ಎದೆ ಬಡಿತದ ಲಯ ತಪ್ಪುವವರು, ಹುಳಿತೇಗು ಹೆಚ್ಚಿರುವವರು ತಮ್ಮ ವೈದ್ಯರನ್ನು ಕೇಳಿ ಕುಡಿಯಲಿ. ಒಂದು ಸಲ ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದರೆ ರಾತ್ರಿ ಹತ್ತಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ನಿದ್ದೆ ಬರುವುದಿಲ್ಲ ಎಂದು ಮಾತ್ರೆ ಕೇಳಿಕೊಂಡು ಬರುವ ಹಿರಿಯರಿಗೆ ನಾನು ಮೊದಲು ಕೇಳುವುದೇ ಸಂಜೆಯ ಕಾಫಿಯ ಬಗ್ಗೆ. ಥೈರಾಯ್ಡ್ ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಕಾಫಿ ಬೇಡ, ಕಬ್ಬಿಣದ ಮಾತ್ರೆಯ ಆಸುಪಾಸಿನಲ್ಲೂ ಬೇಡ. ಎರಡಕ್ಕೂ ಕಾಫಿ ಅಡ್ಡ ಬರುತ್ತದೆ. ನಿಮ್ಮ ತಂದೆಯ ವಿಷಯದಲ್ಲಿ ಕಾಫಿಗಿಂತ ಅದರೊಳಗಿನ ಸಕ್ಕರೆ ಮತ್ತು ಅದರ ಜೊತೆ ಬರುವ ಉದ್ದಿನವಡೆ, ಕೇಸರಿಬಾತ್ ದೊಡ್ಡ ಪ್ರಶ್ನೆ. ಸಕ್ಕರೆ ಹಾಕದ ಕಾಫಿಗೆ ಎರಡು ಇಡ್ಲಿ ಸೇರಿದರೆ ಅದನ್ನೇ ಆ ಹೊತ್ತಿನ ಆಹಾರವೆಂದು ಲೆಕ್ಕ ಹಿಡಿಯಬಹುದು.

ಇನ್ನು ಆ ಗುಂಪಿಗೆ ನಾನು ಹೇಳಬೇಕಾದ ಮಾತುಗಳಿವೆ, ನಿಮ್ಮ ತಂದೆಗೆ ಇದನ್ನು ಓದಿಸಿ. ಪ್ರತಿಯೊಬ್ಬರ ಮನೆಯ ಫೋನ್ ನಂಬರೂ ಎಲ್ಲರ ಹತ್ತಿರ ಇರಲಿ, ಒಂದು ಚೀಟಿ ಜೇಬಿನಲ್ಲೂ ಇರಲಿ. ಹೇಳದೆ ಬರದೆ ಉಳಿದರೆ ಅದೇ ದಿನ ಫೋನ್ ಹೋಗಲಿ. ನಿಮ್ಮಲ್ಲಿ ಯಾರಾದರೂ ಒಂದೇ ಕಥೆಯನ್ನು ಅದೇ ಬೈಠಕ್ಕಿನಲ್ಲಿ ಎರಡನೇ ಸಲ ಶುರುಮಾಡಿದರೆ, ಯಾವಾಗಲೂ ಬಿಲ್ ಭಾಗ ಮಾಡುತ್ತಿದ್ದವರು ಲೆಕ್ಕಕ್ಕೆ ತಡಬಡಾಯಿಸಿದರೆ, ನಡೆದು ಸವೆದ ರಸ್ತೆಯಲ್ಲಿ ದಾರಿ ತಪ್ಪಿದರೆ ನಗಿಸಿ ಮರೆಸಬೇಡಿ, ಅವರ ಮನೆಯವರಿಗೆ ಮೆಲ್ಲಗೆ ತಿಳಿಸಿ. ಮರೆವಿನ ಕಾಯಿಲೆಯ ಮೊದಲ ಸುಳಿವು ಎಷ್ಟೋ ಸಲ ಮನೆಗಿಂತ ಮುಂಚೆ ಕಾಫಿ ಮೇಜಿನ ಮೇಲೆ ಕಾಣುತ್ತದೆ. ಮಾತುಗಾರರೊಬ್ಬರು ಇದ್ದಕ್ಕಿದ್ದಂತೆ ಸುಮ್ಮನಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದವರು ಕೇಳಿಸಿದಂತೆ ತಲೆಯಾಡಿಸುತ್ತ ಒಂದು ದಿನ ಬರುವುದನ್ನೇ ನಿಲ್ಲಿಸುತ್ತಾರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ನಾವು ಸರಿಪಡಿಸಬಹುದಾದ 14 ಅಂಶಗಳನ್ನು ಪಟ್ಟಿಮಾಡಿದೆ. ಕಿವುಡು ಮತ್ತು ಒಡನಾಟದ ಕೊರತೆ ಎರಡೂ ಅದರಲ್ಲಿವೆ, ಒಂದು ಇನ್ನೊಂದನ್ನು ಎಳೆದು ತರುತ್ತದೆ.

ರಾಜಕೀಯದ ಜಗಳಕ್ಕೆ ಹೆದರಬೇಡಿ. ಮುಂದಿನ ವಾರ ಇಬ್ಬರೂ ಬರುತ್ತಾರಾದರೆ ಜಗಳ ಒಳ್ಳೆಯದೇ. ಪೆನ್ಷನ್ ಇಲ್ಲದವರು ಗುಂಪಿನಲ್ಲಿದ್ದರೆ ಬಿಲ್ಲಿನ ವಿಚಾರದಲ್ಲಿ ಸೂಕ್ಷ್ಮವಾಗಿರಿ. ಬೈ ಟೂ ಈ ಊರಿನಲ್ಲಿ ಎಷ್ಟೋ ಜನರ ಮರ್ಯಾದೆ ಕಾಯ್ದಿದೆ, ಅದನ್ನು ಬಿಡಬೇಡಿ. ಹೆಂಡತಿ ತೀರಿಕೊಂಡ ಗೆಳೆಯ ವೈಕುಂಠ ಸಮಾರಾಧನೆ ಮುಗಿದ ಮೇಲೆ ತಾನಾಗಿ ಬರಲಿ ಎಂದು ಕಾಯಬೇಡಿ, ಹೋಗಿ ಕರೆತನ್ನಿ. ಬಂದು ಸುಮ್ಮನೆ ಕೂತರೂ ಸರಿ. ಮತ್ತೆ, ಹೇಳಲು ಕಷ್ಟವಾದ ಮಾತು: ಐದು ಜನ ಒಂದೇ ವಯಸ್ಸಿನವರಾದರೆ ಮೇಜು ಒಟ್ಟಿಗೇ ಖಾಲಿಯಾಗುತ್ತದೆ. ಈಗ ತಾನೇ ನಿವೃತ್ತರಾದ ಅರವತ್ತರ ಒಬ್ಬಿಬ್ಬರನ್ನು ಸೇರಿಸಿಕೊಳ್ಳಿ. ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನಿಮ್ಮ ಹತ್ತಿರದಲ್ಲೇ ಇದೆ. ಅಲ್ಲಿ ಉಪನ್ಯಾಸ ಕೇಳಲು ಬರುವವರಲ್ಲಿ ಮಾತಿಗೆ ಸಿಗುವವರು ಬೇಕಾದಷ್ಟಿದ್ದಾರೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಅಪ್ಪನಲ್ಲ, ಅಮ್ಮ. "ಎಲ್ಲಿಗೂ ಹೋಗುವುದಿಲ್ಲ, ಏನೂ ತೊಂದರೆ ಕೊಡುವುದಿಲ್ಲ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಪೀಳಿಗೆಯ ಗಂಡಸರ ಗೆಳೆತನಕ್ಕೆ ಹೋಟೆಲ್ಲಿತ್ತು, ಮನೆ ಬದಲಾದರೂ ಹೋಟೆಲ್ ಅಲ್ಲೇ ಇರುತ್ತದೆ. ಹೆಂಗಸರ ಗೆಳೆತನ ಬೀದಿಯದು. ಎದುರುಮನೆಯವರ ಜೊತೆ ಹೂವು ತರಲು ಗಾಂಧಿ ಬಜಾರಿಗೆ ಹೋಗುವುದು, ದೊಡ್ಡ ಗಣಪತಿ ದೇವಸ್ಥಾನದಲ್ಲಿ ಸಿಕ್ಕವರೊಡನೆ ಅರ್ಧ ಗಂಟೆ ನಿಲ್ಲುವುದು, ಅರಿಶಿನ ಕುಂಕುಮಕ್ಕೆ ಬಂದವರಿಗೆ ಎರಡನೇ ಸಲ ಕಾಫಿ ಬೆರೆಸುವುದು, ಕಾರ್ತಿಕದ ಕಡಲೆಕಾಯಿ ಪರಿಷೆಗೆ ಗುಂಪು ಕಟ್ಟಿಕೊಂಡು ಹೊರಡುವುದು. ಬೀದಿ ಬಿಟ್ಟ ದಿನವೇ ಅದೆಲ್ಲ ಹೋಯಿತು. ಸ್ಥಳಾಂತರದಲ್ಲಿ ಅಪ್ಪ ತಮ್ಮ ಬಳಗವನ್ನು ಉಳಿಸಿಕೊಂಡರು, ಅಮ್ಮ ಕಳೆದುಕೊಂಡರು, ಮತ್ತು ಅದನ್ನು ಯಾರಿಗೂ ಹೇಳಲಿಲ್ಲ.

ಅವರ ನಿದ್ದೆ, ಹಸಿವು ಹೇಗಿದೆ ನೋಡಿ. ಬೇಸರ ಎಂದು ಬಾಯಿಬಿಡದ ಹೆಂಗಸರು ಮೈಕೈ ನೋವು, ತಲೆಭಾರ, ಹೊಟ್ಟೆಯುರಿ ಎನ್ನುತ್ತಾರೆ. ಎರಡು ವಾರ ಮೀರಿ ಮಂಕಾಗಿದ್ದರೆ, ಮೊದಲು ಇಷ್ಟವಿದ್ದ ಕೆಲಸ ಬೇಡವಾಗಿದ್ದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಬೇರೆ ತೊಂದರೆಗಳಿಗೆ 14567 ಸಹಾಯವಾಣಿ ಇದೆ. ಇದರ ಜೊತೆಗೆ ಗುರುವಾರ ಅಪ್ಪನ ಜೊತೆ ಅಮ್ಮನನ್ನೂ ಬಸವನಗುಡಿಗೆ ಕಳಿಸಿ. ಅಪ್ಪನ ಮೇಜಿಗೆ ಬೇಡ, ಹಳೆಯ ಎದುರುಮನೆಯವರ ಹತ್ತಿರಕ್ಕೆ. ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಲು ಅಮ್ಮನಿಗೇ ಹೇಳಿ. ಹೋಟೆಲಿನಲ್ಲಿ ಹೆಂಗಸರೇ ಕೂರಲು ಸಂಕೋಚಪಟ್ಟರೆ ಮೊದಲ ಒಂದೆರಡು ಸಲ ಸೊಸೆಯೋ ಮೊಮ್ಮಗಳೋ ಜೊತೆಗೆ ಹೋಗಿ ಕೂರಿಸಿ ಬರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬಸವನಗುಡಿ, ಚಾಮರಾಜಪೇಟೆ, ಜಯನಗರಗಳಲ್ಲಿ ಚದುರಿದ ಗೆಳತಿಯರು ಒಂದು ಕಡೆ ಸೇರಲು ಅದು ಎಷ್ಟು ಅನುಕೂಲವಾಗಿದೆ ಎಂದು ನಾನು ನನ್ನ ಬಳಿ ಬರುವ ಹೆಂಗಸರಿಂದಲೇ ಕೇಳುತ್ತಿದ್ದೇನೆ.

ಅಪ್ಪನಿಗೆ ಮೆಟ್ರೋ ನಿಜವಾಗಿಯೂ ಆಗದ ದಿನವೂ ಬರುತ್ತದೆ. ಆಗ ಮೊದಲು ವಾರಕ್ಕೆ ಎರಡನ್ನು ಒಂದಕ್ಕೆ ಇಳಿಸಿ, ಆ ಒಂದಕ್ಕೆ ಕಾರಿನಲ್ಲಿ ಕಳಿಸಿ. ಅದೂ ಆಗದಿದ್ದರೆ ತಿಂಗಳಿಗೊಂದು ದಿನ ಗೊತ್ತುಮಾಡಿ ಗುಂಪನ್ನೇ ವೈಟ್‌ಫೀಲ್ಡಿಗೆ ಕರೆಸಿಕೊಳ್ಳಿ, ಉಳಿದ ವಾರಗಳಲ್ಲಿ ಅದೇ ಹನ್ನೊಂದು ಗಂಟೆಗೆ ವಿಡಿಯೊ ಕರೆ. ಅವರು ಮನೆಗೆ ಬರುವ ದಿನ ಗೇಟಿನ ಸೆಕ್ಯುರಿಟಿಗೆ ಹೆಸರುಗಳನ್ನು ಮೊದಲೇ ಕೊಟ್ಟಿಡಿ, ಎಪ್ಪತ್ತೈದರ ಮುದುಕರನ್ನು ಬಿಸಿಲಲ್ಲಿ ನಿಲ್ಲಿಸಿ ಒ.ಟಿ.ಪಿ. ಕೇಳಿಸಬೇಡಿ. ಡಿಕಾಕ್ಷನ್ ಬೇಕಾದಷ್ಟು ಇಳಿಸಿಟ್ಟು ನೀವು ಪಕ್ಕದ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಳ್ಳಿ. ಮಗ ಕೂತಿದ್ದರೆ ಅವರು ಆಡಬೇಕಾದ ಅರ್ಧ ಮಾತು ಆಡುವುದಿಲ್ಲ.